ದಮ್ ಹಿಡಿ

ನಮ್ಮ ಗಡಿಭಾಗದ ಮಾತಿನಲ್ಲಿ ‘ದಮ್’ ಎಂಬ ಒಂದೇ ಪದಕ್ಕೆ ಮೂರು ಕೆಲಸ. ಓಡಿ ಬಂದವನಿಗೆ ‘ದಮ್ ಹತ್ತೈತಿ’ ಎಂದರೆ ಏದುಸಿರು. ‘ಅವನೊಳಗ ದಮ್ ಐತಿ’ ಎಂದರೆ ಕಸುವು, ಎದೆಗಾರಿಕೆ. ‘ತುಸು ದಮ್ ಹಿಡಿಯೋ ತಮ್ಮಾ’ ಎಂದರೆ ಅವಸರ ಬೇಡ, ತಾಳು. ಮರಾಠಿಯ ‘ದಮ್ ಧರ್’ ಕೂಡ ಈ ಮೂರನೆಯ ಅರ್ಥವೇ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಸಂಜೆ ಮೈದಾನಗಳಲ್ಲಿ ಈ ಮೂರೂ ದಮ್ಮುಗಳು ಒಂದೇ ಆಟದಲ್ಲಿ ಕೂಡುತ್ತವೆ. ನಮ್ಮ ಹಿರಿಯರು ಅದನ್ನು ಹುತುತು ಎಂದರು. ಈಗ ಎಲ್ಲರ ಬಾಯಲ್ಲೂ ಕಬಡ್ಡಿ.

ಆ ಆಟದ ದಾಳಿಯನ್ನೊಮ್ಮೆ ಹತ್ತಿರದಿಂದ ನೋಡಿ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರ ಅರ್ಧ ಎದುರಾಳಿಯದು. ಅಲ್ಲಿ ಏಳು ಜನ ಕೈಕೈ ಹಿಡಿದು ಬಾಗಿ ನಿಂತಿದ್ದಾರೆ. ಈಚೆಯಿಂದ ಹೋಗುವವನು ಒಬ್ಬನೇ. ಅವನಿಗೆ ಇರುವುದು 30 ಸೆಕೆಂಡು. ಮಧ್ಯದ ಗೆರೆಯಿಂದ 3.75 ಮೀಟರ್ ಒಳಗಿರುವ ಅಡ್ಡಗೆರೆಯನ್ನಾದರೂ ದಾಟಬೇಕು, ಇಲ್ಲವೇ ಯಾರನ್ನಾದರೂ ಮುಟ್ಟಬೇಕು. ಮುಟ್ಟಿದರೆ ಮುಗಿಯಲಿಲ್ಲ, ತಿರುಗಿ ತನ್ನ ಕಡೆಗೆ ಬಂದು ಸೇರಬೇಕು. ಅಷ್ಟರಲ್ಲಿ ಒಬ್ಬ ಕಣಕಾಲು ಹಿಡಿದಿರುತ್ತಾನೆ, ಇನ್ನೊಬ್ಬ ತೊಡೆಗೆ ಬಿದ್ದಿರುತ್ತಾನೆ, ಮೂರನೆಯವನು ಬೆನ್ನೇರಿರುತ್ತಾನೆ. ಕೊನೆಗೆ ಮೈಯೆಲ್ಲ ಅವರದಾಗಿ, ಇವನದೆಂದು ಉಳಿಯುವುದು ಚಾಚಿದ ಒಂದು ಕೈ. ಆ ಕೈಯ ತುದಿಬೆರಳು ಗೆರೆಗೆ ತಾಕಿದರೆ ಹಿಡಿದವರೆಲ್ಲ ಔಟ್.

ಹೀಗೆ ಮೂರು ನಾಲ್ಕು ಜನರನ್ನು ಮೈಮೇಲೆ ಹೊತ್ತು ಗೆರೆ ಮುಟ್ಟುವುದರಲ್ಲಿ ಹೆಸರಾದವರು ಸಿದ್ಧಾರ್ಥ ದೇಸಾಯಿ. ಅಭಿಮಾನಿಗಳು ಇಟ್ಟ ಹೆಸರು ‘ಬಾಹುಬಲಿ’. ಊರು ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲ್ಲೂಕಿನ ಹುಂದಳೇವಾಡಿ.

ಗೆರೆಯ ಆಚೆ ಈಚೆ

ಚಂದಗಡ ನಮಗೆ ದೂರದ ಊರಲ್ಲ. 1956ರಲ್ಲಿ ಭಾಷಾವಾರು ಪ್ರಾಂತಗಳಾಗುವವರೆಗೆ ಅದು ಬೆಳಗಾವಿ ಜಿಲ್ಲೆಯದೇ ತಾಲ್ಲೂಕು. ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂದಾಗ ಚಂದಗಡ ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ನಕಾಶೆಯಲ್ಲಿ ಗೆರೆ ಬಿದ್ದರೂ ಸಂತೆ, ಬೀಗತನ, ಆಸ್ಪತ್ರೆಗಳಿಗೆ ಜನ ಇಂದಿಗೂ ಬೆಳಗಾವಿಗೆ ಬರುತ್ತಾರೆ. ಗಡಹಿಂಗ್ಲಜಕ್ಕೂ ಇಂಥದೇ ನಂಟು. ಹಿರಣ್ಯಕೇಶಿ ನದಿ ಆ ಊರನ್ನು ಹಾದು ಸಂಕೇಶ್ವರಕ್ಕೆ ಬರುತ್ತದೆ; ಮಾತೂ ಹಾಗೆಯೇ ಹರಿದಾಡುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಮೈದಾನದಲ್ಲಿ ಎರಡರ ಕಲಬೆರಕೆ. ದಾಳಿಗೆ ‘ಚಢಾಯಿ’, ಹಿಡಿತಕ್ಕೆ ‘ಪಕಡ್’ ಎನ್ನುವ ಹುಡುಗನೇ ಬಿದ್ದಾಗ ‘ಯವ್ವಾ’ ಎನ್ನುತ್ತಾನೆ.

ಈ ಸೀಮೆಗೆ ಮೈಯಾಟದ ಹುಚ್ಚು ಹಳೆಯದು. ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನಕ್ಕೆ ನೂರು ವರ್ಷ ದಾಟಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಖಾಶಾಬಾ ಜಾಧವ ಓದಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. ಅದೇ ಊರಿನ ಪೇಟೆಗಳಲ್ಲಿ ಫುಟ್‌ಬಾಲ್ ಎಂದರೆ ಮಾನದ ಪ್ರಶ್ನೆ. ಪಾಟಾಕಡೀಲ, ಖಂಡೋಬಾ ಎಂದು ಗರಡಿಗಳ ಹೆಸರಲ್ಲೇ ತಂಡಗಳು. ಶಾಹು ಕ್ರೀಡಾಂಗಣದಲ್ಲಿ ಅವು ಎದುರಾದ ದಿನ ಊರು ಎರಡು ಹೋಳು. 2017ರ 17 ವರ್ಷದೊಳಗಿನವರ ಫಿಫಾ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಅನಿಕೇತ ಜಾಧವ ಇದೇ ಮಣ್ಣಿನವರು. ಗಡಹಿಂಗ್ಲಜಕ್ಕೂ ಫುಟ್‌ಬಾಲ್ ಹಿಡಿಸಿದೆ. ಪಂಚಗಂಗಾ ದಂಡೆಯ ಇಚಲಕರಂಜಿ ನೇಕಾರರ ಊರು. ಹಗಲಿಡೀ ಪವರ್‌ಲೂಮ್‌ನ ಖಟಖಟ, ಸಂಜೆಗೆ ಖೋಖೋ ಮತ್ತು ಕಬಡ್ಡಿ. ಪಾಳಿ ಮುಗಿಸಿ ಕಿವಿಯಲ್ಲಿ ಇನ್ನೂ ಮಗ್ಗದ ಸದ್ದು ಇಟ್ಟುಕೊಂಡೇ ಹುಡುಗರು ಮೈದಾನಕ್ಕೆ ಬರುತ್ತಾರೆ.

ಸಿದ್ಧಾರ್ಥ ಭೌತಶಾಸ್ತ್ರ ಓದಿದ ಪದವೀಧರ. ದೊಡ್ಡ ವೇದಿಕೆ ಸಿಕ್ಕಾಗ ಅವರಿಗೆ ಹೆಚ್ಚುಕಡಿಮೆ 27 ವರ್ಷ. ಕಬಡ್ಡಿಯಲ್ಲಿ ಅದು ಎಳೆಯ ವಯಸ್ಸೇನಲ್ಲ. 2018ರ ಪ್ರೊ ಕಬಡ್ಡಿ ಲೀಗ್ ಹರಾಜಿನಲ್ಲಿ ಯು ಮುಂಬಾ ತಂಡ 36.4 ಲಕ್ಷ ರೂಪಾಯಿ ಕೊಟ್ಟು ಕರೆದುಕೊಂಡಿತು. ಪ್ರೊ ಕಬಡ್ಡಿಯ ಆರನೇ ಆವೃತ್ತಿಯ ಆರಂಭದ ದಿನ, ಅಕ್ಟೋಬರ್ 7ರಂದು, ಪುಣೇರಿ ಪಲ್ಟನ್ ಎದುರಿನ ಮೊದಲ ಪಂದ್ಯದಲ್ಲೇ ‘ಸೂಪರ್ ಟೆನ್’, ಅಂದರೆ ಹತ್ತು ದಾಳಿ ಅಂಕಕ್ಕೆ ಕಡಿಮೆಯಿಲ್ಲ. ಆ ಋತು ಮುಗಿಯುವಾಗ 21 ಪಂದ್ಯಗಳಲ್ಲಿ 218 ದಾಳಿ ಅಂಕ. ಮರುವರ್ಷ ತೆಲುಗು ಟೈಟನ್ಸ್ ಅವರಿಗೆ ಕೊಟ್ಟ ಬೆಲೆ 1.45 ಕೋಟಿ, ಆ ಹರಾಜಿನಲ್ಲೇ ದೊಡ್ಡದು. ಅಲ್ಲೂ 200ಕ್ಕೂ ಹೆಚ್ಚು ಅಂಕ. ಅಣ್ಣ ಸೂರಜ್ ದೇಸಾಯಿ ಕೂಡ ದಾಳಿಗಾರ; ಆ ವರ್ಷ ಒಂದೇ ಅಂಗಿಯಲ್ಲಿ ಅಣ್ಣತಮ್ಮ ಇಬ್ಬರೂ ಆಡಿದರು.

ಮೈ ಕೊಡುವ ಲೆಕ್ಕ

ಅಮೆರಿಕದ ಕಾಲೇಜುಗಳಲ್ಲಿ ಆಡುವ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಓಡುವ ಆಟ. ಅದರಲ್ಲಿ ‘ರನ್ನಿಂಗ್ ಬ್ಯಾಕ್’ ಎಂಬವನ ಕೆಲಸ ನಮ್ಮ ದಾಳಿಗಾರನ ಕೆಲಸಕ್ಕೆ ದಾಯಾದಿ. ಎದುರಿಗೆ ಬೆಟ್ಟದಂಥ ಆಳುಗಳು. ಸಂದಿಯಲ್ಲಿ ನುಗ್ಗಬೇಕು, ಸಿಕ್ಕಿಬಿದ್ದರೂ ಇನ್ನೊಂದು ಹೆಜ್ಜೆ ಎಳೆಯಬೇಕು. ಅವನಿಗೆ ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಮೆತ್ತೆ. ಕಬಡ್ಡಿ ದಾಳಿಗಾರನಿಗೆ ಇರುವುದು ಬನಿಯನ್ನು, ಚಡ್ಡಿ, ಬೂಟು, ಬೇಕಿದ್ದರೆ ಮೊಣಕಾಲಿಗೊಂದು ಪಟ್ಟಿ.

ಹಿರಿಯರ ರಾಷ್ಟ್ರೀಯ ಕಬಡ್ಡಿಯಲ್ಲಿ ಪುರುಷರ ತೂಕದ ಮಿತಿ 85 ಕಿಲೊ. 75 ಕಿಲೊ ತೂಗುವ ನಾಲ್ವರು ಮೈಮೇಲೆ ಬಿದ್ದರೆಂದರೆ 300 ಕಿಲೊ, ಅದೂ ನಾಲ್ಕು ದಿಕ್ಕಿನಿಂದ. ಕಣಕಾಲು ಹಿಡಿದವನು ಹಿಂದಕ್ಕೆ ಎಳೆಯುತ್ತಾನೆ, ಡ್ಯಾಶ್ ಮಾಡುವವನು ಪಕ್ಕಕ್ಕೆ ನೂಕುತ್ತಾನೆ, ದಾಳಿಗಾರನ ಮೈ ಮಾತ್ರ ಮುಂದಕ್ಕೆ ಹೋಗಬೇಕು ಎನ್ನುತ್ತದೆ. ಈ ಜಗ್ಗಾಟಕ್ಕೆ ಬಲಿಯಾಗುವುದು ಮೊಣಕಾಲು ಮತ್ತು ಭುಜ.

ಭುಜದ ಕೀಲು ದೇಹದಲ್ಲೇ ಅತಿ ಸಡಿಲ. ತೋಳಿನ ಎಲುಬಿನ ದುಂಡು ತಲೆಗೆ ಸಿಕ್ಕಿರುವುದು ಆಳವಿಲ್ಲದ ಪುಟ್ಟ ಬಟ್ಟಲು. ಅದರ ಅಂಚಿನ ಮೃದ್ವಸ್ಥಿಯ ಬಳೆ, ಸುತ್ತಲಿನ ಸ್ನಾಯುಗಳೇ ಕಾವಲು. ತೋಳು ಮೇಲೆತ್ತಿ ಹೊರಕ್ಕೆ ತಿರುಗಿದಾಗ ಆ ಕಾವಲು ಅತ್ಯಂತ ದುರ್ಬಲ. ಹಿಂದಿನಿಂದ ಜಗ್ಗಿಸಿಕೊಳ್ಳುತ್ತ ದಾಳಿಗಾರ ಗೆರೆಗೆ ಕೈ ಚಾಚುವ ಭಂಗಿಯನ್ನು ನೆನೆಸಿಕೊಳ್ಳಿ. ಅಂಕ ತರುವ ಆ ಕ್ಷಣವೇ ಭುಜ ಕಳಚುವ ಕ್ಷಣವೂ ಹೌದು.

ಮೊಣಕಾಲಿನದು ಬೇರೆ ಕಥೆ. ತೊಡೆಯೆಲುಬನ್ನೂ ಮುಂಗಾಲೆಲುಬನ್ನೂ ಒಳಗಿಂದ ಓರೆಯಾಗಿ ಕಟ್ಟಿಹಿಡಿದ ಒಂದು ನಾರಿನ ಹುರಿ ಇದೆ. ಆಟಗಾರರ ಬಾಯಲ್ಲಿ ಅದು ‘ಎಸಿಎಲ್’. ಮುಂಗಾಲು ಮುಂದಕ್ಕೆ ಜಾರದಂತೆ, ತಿರುಚದಂತೆ ಅದು ತಡೆಯುತ್ತದೆ. ಅದು ಹರಿಯಲು ಯಾರೂ ಗುದ್ದಬೇಕೆಂದಿಲ್ಲ. ಓಡುತ್ತಿದ್ದವನು ಪಾದ ಊರಿ ಸರಕ್ಕನೆ ತಿರುಗಿದರೆ ಸಾಕು. ಕೆಂಪು ಮಣ್ಣಿನಲ್ಲಿ ಆಡುವಾಗ ಕಾಲು ತುಸು ಜಾರುತ್ತದೆ. ಆ ಜಾರಿಕೆಯೇ ಮೊಣಕಾಲಿಗೆ ರಕ್ಷೆ. ಮ್ಯಾಟಿನ ಮೇಲೆ ಬೂಟು ಗಪ್ಪನೆ ಹಿಡಿದುಕೊಳ್ಳುತ್ತದೆ. ಪಾದ ನಿಂತಿತು, ಮೈ ತಿರುಗಿತು, ನಡುವೆ ಸಿಕ್ಕ ಹುರಿ ಟಪ್ಪೆಂದಿತು. ವರ್ಷಪೂರ್ತಿ ಮಣ್ಣಿನಲ್ಲಿ ಆಡಿ, ಪಂದ್ಯಾವಳಿಗೆ ಮಾತ್ರ ಮ್ಯಾಟ್ ಹತ್ತುವ ಹಳ್ಳಿಯ ಹುಡುಗ ಈ ವ್ಯತ್ಯಾಸವನ್ನು ಮನಸ್ಸಿನಿಂದಲ್ಲ, ಕಾಲಿನಿಂದ ಕಲಿಯಬೇಕಾಗುತ್ತದೆ.

ಬೆಂಗಳೂರಿನ ಎರಡು ಋತು

ಕೋವಿಡ್‌ನಿಂದ ಒಂದು ವರ್ಷ ನಿಂತಿದ್ದ ಪ್ರೊ ಕಬಡ್ಡಿ 2021ರ ಡಿಸೆಂಬರ್ 22ರಂದು ಬೆಂಗಳೂರಿನಲ್ಲಿ ಮತ್ತೆ ಶುರುವಾಯಿತು. ವೈಟ್‌ಫೀಲ್ಡ್‌ನ ಹೋಟೆಲೊಂದರ ಒಳಗೇ ಅಂಕಣ, ಪ್ರೇಕ್ಷಕರಿಲ್ಲ. ಟೈಟನ್ಸ್ ತಂಡದ ಇಡೀ ದಾಳಿ ಸಿದ್ಧಾರ್ಥರ ಹೆಗಲ ಮೇಲಿತ್ತು. ಕೆಲವೇ ಪಂದ್ಯ ಆಡುವಷ್ಟರಲ್ಲಿ ಗಾಯವಾಯಿತು. ಉಳಿದ ಋತುವಿಡೀ ಹೊರಗೆ. ಆ ತಂಡಕ್ಕೆ ಏನಾಯಿತು ಎಂಬುದನ್ನು ಪಟ್ಟಿಯೇ ಹೇಳುತ್ತದೆ: 22 ಪಂದ್ಯ, ಗೆದ್ದದ್ದು ಒಂದೇ ಒಂದು.

2022ರ ಅಕ್ಟೋಬರ್ 7ರಂದು ಮುಂದಿನ ಆವೃತ್ತಿ ಆರಂಭವಾಗಿದ್ದೂ ಬೆಂಗಳೂರಿನಲ್ಲೇ, ಕಂಠೀರವ ಒಳಾಂಗಣದಲ್ಲಿ. ಈ ಬಾರಿ ಜನವಿತ್ತು, ಕೇಕೆಯಿತ್ತು. ಎರಡನೆಯ ದಿನ ತಮಿಳ್ ತಲೈವಾಸ್ ಅಂಗಿ ತೊಟ್ಟು ಪವನ್ ಸೆಹ್ರಾವತ್ ಇಳಿದರು. ಕನ್ನಡಿಗರಿಗೆ ಪವನ್ ಪರಿಚಯ ಬೇಕಿಲ್ಲ. ಬೆಂಗಳೂರು ಬುಲ್ಸ್‌ಗೆ 2019ರ ಜನವರಿ 5ರ ಫೈನಲ್‌ನಲ್ಲಿ 22 ಅಂಕ ಗಳಿಸಿ ಕಪ್ ಗೆಲ್ಲಿಸಿದವರು. ಅದೇ ವರ್ಷ ಹರಿಯಾಣ ಸ್ಟೀಲರ್ಸ್ ಎದುರು ಒಂದೇ ಪಂದ್ಯದಲ್ಲಿ 39 ಅಂಕ ತಂದವರು. ತಲೈವಾಸ್ ಅವರಿಗೆ 2.26 ಕೋಟಿ ಕೊಟ್ಟಿತ್ತು. ಗುಜರಾತ್ ಎದುರಿನ ಆ ಮೊದಲ ಪಂದ್ಯದಲ್ಲಿ, ದಾಳಿ ಮಾಡುವಾಗಲೂ ಅಲ್ಲ, ಎದುರಾಳಿಯನ್ನು ಹಿಡಿಯಲು ಹೋದಾಗ ಮೊಣಕಾಲು ತಿರುಚಿತು. ಸ್ಟ್ರೆಚರ್ ಬಂತು. ತಾನು ಹೆಸರು ಮಾಡಿದ ಊರಿನ ಜನರ ಎದುರೇ ಅವರ ಋತು ಮುಗಿಯಿತು.

ಅದೇ ಋತುವಿನಲ್ಲಿ ಸಿದ್ಧಾರ್ಥ ಮರಳಿ ಬಂದು ಟೈಟನ್ಸ್‌ಗಾಗಿ ನೂರಕ್ಕೂ ಹೆಚ್ಚು ದಾಳಿ ಅಂಕ ಗಳಿಸಿದರು. ತಂಡ ಮತ್ತೆ ಕೊನೆಯ ಸ್ಥಾನದಲ್ಲೇ ಉಳಿಯಿತು. ಹಾಗಾಗಿ ಆ ಮರಳುವಿಕೆಗೆ ಸುದ್ದಿಯಲ್ಲಿ ಜಾಗ ಸಿಗಲಿಲ್ಲ. ಸೋಲುವ ತಂಡದಲ್ಲಿ ಎದ್ದು ನಿಂತವನನ್ನು ಯಾರು ಎಣಿಸುತ್ತಾರೆ?

ಒಂಬತ್ತು ತಿಂಗಳ ಬಸಿರು

ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಕೂಡಿಕೊಂಡು ಮೊದಲಿನಂತೆ ಆಗುವುದಿಲ್ಲ. ಶಸ್ತ್ರಚಿಕಿತ್ಸಕರು ಅದೇ ಕಾಲಿನ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ಪಟ್ಟಿ ಸ್ನಾಯುರಜ್ಜು ತೆಗೆದು, ಎರಡೂ ಎಲುಬುಗಳಲ್ಲಿ ತೂತು ಕೊರೆದು ಕಟ್ಟುತ್ತಾರೆ. ಹೊಲದ ಬಾವಿಗೆ ಹೊಸ ಹಗ್ಗ ಕಟ್ಟಿದಂತೆ ಎನ್ನಿಸಬಹುದು. ಆದರೆ ಈ ಹಗ್ಗ ಕಟ್ಟಿದ ದಿನಕ್ಕಿಂತ ಕೆಲವು ವಾರಗಳ ಮೇಲೆ ಸೊರಗಿರುತ್ತದೆ. ಅದಕ್ಕೆ ಹೊಸ ರಕ್ತನಾಳ ಮೂಡಬೇಕು, ಎಳೆಗಳು ಮತ್ತೆ ಹೆಣೆದುಕೊಳ್ಳಬೇಕು. ಅಷ್ಟರಲ್ಲಿ ನೋವು ಹೋಗಿರುತ್ತದೆ, ಊತ ಇಳಿದಿರುತ್ತದೆ, ನಡಿಗೆ ಸರಿಯಾಗಿರುತ್ತದೆ. ಹುಡುಗನಿಗೆ ಕಾಲು ವಾಸಿಯಾಗಿದೆ ಎನ್ನಿಸುವುದೂ, ಒಳಗಿನ ಹುರಿ ಇನ್ನೂ ಹಸಿಯಾಗಿರುವುದೂ ಒಂದೇ ಹೊತ್ತಿಗೆ. ಮೋಸ ಇರುವುದು ಇಲ್ಲೇ.

ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಕೂಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ತಾಳ್ಮೆಗೆ ಅಂಕಿ ಕೊಟ್ಟಿತು. ಶಸ್ತ್ರಚಿಕಿತ್ಸೆಯ ನಂತರ 9 ತಿಂಗಳವರೆಗೆ, ಮೈದಾನಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮೊಣಕಾಲು ಮತ್ತೆ ಗಾಯಗೊಳ್ಳುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂಬತ್ತು ತಿಂಗಳು ಎಂಬ ಲೆಕ್ಕ ನಮ್ಮ ಅಜ್ಜಿಯರಿಗೆ ಹೊಸದಲ್ಲ. ಅವಸರ ಮಾಡಿದರೆ ಕೂಸು ಉಳಿಯದು ಎಂದು ಅವರಿಗೆ ಗೊತ್ತಿತ್ತು.

ಆ ತಿಂಗಳುಗಳಲ್ಲಿ ನಡೆಯುವುದು ಬೇಸರದ ಕೆಲಸ. ಮೊದಲು ಮಂಡಿ ಪೂರ್ತಿ ನೆಟ್ಟಗಾಗಬೇಕು. ತೊಡೆಯ ಸ್ನಾಯು ಕೆಲವೇ ವಾರಗಳಲ್ಲಿ ಕರಗಿ ಎರಡು ಕಾಲು ಎರಡು ಅಳತೆಯಾಗಿರುತ್ತವೆ. ಟೇಪು ಹಿಡಿದು ಅಳೆದು ಮತ್ತೆ ತುಂಬಬೇಕು. ಆಮೇಲೆ ನೇರ ಓಟ, ಒಂಟಿ ಕಾಲಿನ ಕುಪ್ಪಳಿಕೆ, ಕೊನೆಗೆ ತಿರುವು. ಕಡೆಯದಾಗಿ ವಾಸಿಯಾಗುವುದು ಮನಸ್ಸು. ದಾಳಿಗಾರನ ಆಟ ನಿಂತಿರುವುದೇ ಹುಸಿ ಹೆಜ್ಜೆಯ ಮೇಲೆ. ಎಡಕ್ಕೆ ಎಂದು ತೋರಿಸಿ ಬಲಕ್ಕೆ ಹಾರುವಾಗ ‘ಈ ಕಾಲು ತಡೆದೀತೇ’ ಎಂಬ ಶಂಕೆ ರೆಪ್ಪೆ ಬಡಿಯುವಷ್ಟು ಹೊತ್ತು ಬಂದರೂ ಸಾಕು, ಮೂಲೆಯ ಹಿಡಿತಗಾರ ಕಣಕಾಲಿನ ಮೇಲಿರುತ್ತಾನೆ.

ಪವನ್ ಆ ದಾರಿ ಮುಗಿಸಿ ಬಂದರು. 2023ರ ಜೂನ್ 30ರಂದು ಕೊರಿಯಾದ ಬುಸಾನ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್. ಭಾರತ ಇರಾನನ್ನು 42–32ರಿಂದ ಸೋಲಿಸಿತು, ನಾಯಕ ಪವನ್. ಅಕ್ಟೋಬರ್ 7ರಂದು, ಕಂಠೀರವದಲ್ಲಿ ಬಿದ್ದು ವರ್ಷ ತುಂಬಲು ಒಂದು ದಿನ ಇರುವಾಗ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಚಿನ್ನ ಅವರ ನಾಯಕತ್ವದಲ್ಲೇ ಬಂತು. ಆ ವರ್ಷದ ಪ್ರೊ ಕಬಡ್ಡಿ ಹರಾಜಿನಲ್ಲಿ 2.605 ಕೋಟಿ ಕೊಟ್ಟು ಅವರನ್ನು ಕೊಂಡದ್ದು ತೆಲುಗು ಟೈಟನ್ಸ್. ಸಿದ್ಧಾರ್ಥ ಬಿಟ್ಟ ಜಾಗಕ್ಕೆ, ಗಾಯದಿಂದ ಎದ್ದು ಬಂದ ಇನ್ನೊಬ್ಬ. ಸಿದ್ಧಾರ್ಥ ಒಂದು ಕೋಟಿಗೆ ಹರಿಯಾಣ ಸ್ಟೀಲರ್ಸ್ ಸೇರಿದರು. ಆ ತಂಡ 2024ರ ಮಾರ್ಚ್ 1ರ ಫೈನಲ್‌ವರೆಗೆ ಹೋಗಿ ಪುಣೇರಿ ಪಲ್ಟನ್‌ಗೆ ಸೋತಿತು.

ದೂರದ ಜಾರ್ಜಿಯಾ ವಿಶ್ವವಿದ್ಯಾಲಯದ ರನ್ನಿಂಗ್ ಬ್ಯಾಕ್ ನಿಕ್ ಚಬ್ ಅವರದೂ ಇದೇ ಜಾಡು. 2015ರ ಅಕ್ಟೋಬರ್‌ನಲ್ಲಿ ಟೆನೆಸಿ ಎದುರು ಮೊದಲ ಓಟದಲ್ಲೇ ಮೊಣಕಾಲಿನ ಹಲವು ಹುರಿಗಳು ಹರಿದವು. ಮರುವರ್ಷದ ಮೊದಲ ಪಂದ್ಯದಲ್ಲಿ 222 ಗಜ ಓಡಿದರು. ಭಾಷೆ ಬೇರೆ, ಆಟ ಬೇರೆ. ನಡುವಿನ ಆ ಖಾಲಿ ತಿಂಗಳುಗಳು ಮಾತ್ರ ಒಂದೇ.

ದವಡೆಯೂ ಭುಜವೂ

ನೋವು ನುಂಗುವ ಗಟ್ಟಿತನದ ಮಾತು ಬಂದರೆ ಕನ್ನಡಿಗರಿಗೆ ಕಣ್ಣೆದುರು ಬರುವ ಚಿತ್ರ ಒಂದೇ: 2002ರ ಮೇ ತಿಂಗಳು, ಆಂಟಿಗಾ. ಮರ್ವಿನ್ ಡಿಲನ್ ಎಸೆದ ಚೆಂಡಿಗೆ ದವಡೆ ಮುರಿದ ಅನಿಲ್ ಕುಂಬ್ಳೆ ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದು ಸತತ 14 ಓವರ್ ಎಸೆದರು, ಬ್ರಯಾನ್ ಲಾರಾ ಅವರನ್ನು ಕೆಡವಿದರು. ಶಾಲೆಯ ಗೋಡೆಗೆ ಅಂಟಿಸಬಹುದಾದ ಚಿತ್ರ ಅದು.

ಆದರೆ ಅದೇ ಕುಂಬ್ಳೆ ಅದಕ್ಕೆ ಸ್ವಲ್ಪ ಮುಂಚೆ ಬಲಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಆಟದಿಂದ ದೂರವಿದ್ದರು. ಭಾರತದ ಕ್ರಿಕೆಟ್ಟಿನ ದೊಡ್ಡ ಸರಣಿಗಳಲ್ಲಿ ಒಂದಾದ 2001ರ ಆಸ್ಟ್ರೇಲಿಯಾ ಸರಣಿ ಅವರಿಲ್ಲದೆ ನಡೆಯಿತು. ಹರಭಜನ್ ಸಿಂಗ್ 32 ವಿಕೆಟ್ ಕಿತ್ತು ಸರಣಿಯ ಹೀರೊ ಆದರು. ಕುಂಬ್ಳೆಯ ಕಾಲ ಮುಗಿಯಿತು ಎಂಬ ಮಾತೂ ಕೇಳಿಬಂತು. ಮರಳಿ ಬಂದವರು ಕೊನೆಗೆ 619 ಟೆಸ್ಟ್ ವಿಕೆಟ್‌ಗೆ ನಿಂತರು. ದವಡೆಯ ಪಟ್ಟಿ ಎಲ್ಲರಿಗೂ ನೆನಪಿದೆ. ಭುಜದ ವರ್ಷ ಯಾರಿಗೂ ನೆನಪಿಲ್ಲ, ಏಕೆಂದರೆ ಅದರ ಚಿತ್ರವೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ರಬ್ಬರ್ ಪಟ್ಟಿ ಎಳೆಯುವವನ ಚಿತ್ರವನ್ನು ಯಾರು ತೆಗೆಯುತ್ತಾರೆ? 14 ಓವರಿಗೆ ಬೇಕಾದದ್ದು ಒಂದು ದಮ್. ಆ ವರ್ಷಕ್ಕೆ ಬೇಕಾದದ್ದು ಇನ್ನೊಂದು. 619ರ ಬಹುಪಾಲು ಋಣ ಎರಡನೆಯದಕ್ಕೆ ಸಲ್ಲಬೇಕು.

ಅಂಕಫಲಕದ ಪಕ್ಕದ ಹುಡುಗ

ಪವನ್, ಸಿದ್ಧಾರ್ಥರಿಗೆ ಬಿದ್ದಾಗ ಎತ್ತಿಕೊಳ್ಳಲು ತಂಡದ ವೈದ್ಯರಿರುತ್ತಾರೆ, ಫಿಸಿಯೋ ಇರುತ್ತಾರೆ. ಗಡಹಿಂಗ್ಲಜದ ಸುತ್ತಿನ ಹಳ್ಳಿಯ ಹುಡುಗನಿಗೆ, ಇಚಲಕರಂಜಿಯ ಮಗ್ಗದ ಕಾರ್ಮಿಕನ ಮಗನಿಗೆ ಯಾರಿದ್ದಾರೆ? ಮೊದಲು ಬಿಸಿ ಎಣ್ಣೆಯ ಮಾಲೀಸು. ಆಮೇಲೆ ನಾಟಿ ಮೂಳೆವೈದ್ಯರ ಪಟ್ಟು. ಮುರಿದ ಎಲುಬಿಗೆ ಅವರ ಕೈಗುಣದ ಬಗ್ಗೆ ಊರಿನಲ್ಲಿ ನೂರು ಕಥೆಗಳಿವೆ. ಆದರೆ ಹರಿದ ಹುರಿ ಕೈಗೆ ಸಿಗುವಂಥದಲ್ಲ, ಎಕ್ಸ್‌ರೇಯಲ್ಲೂ ಕಾಣದು, ಎಂಆರ್‌ಐ ಬೇಕು. ಮೂರನೆಯ ವಾರಕ್ಕೆ ಊತ ಇಳಿಯುತ್ತದೆ, ಮುಂದಿನ ಜಾತ್ರೆಯ ಪಂದ್ಯಾವಳಿ ಹತ್ತಿರವಾಗಿರುತ್ತದೆ, ಹುಡುಗ ಮೊಣಕಾಲಿಗೆ ಪಟ್ಟಿ ಏರಿಸಿ ಇಳಿಯುತ್ತಾನೆ. ಹುರಿಯಿಲ್ಲದ ಮೊಣಕಾಲಿನಲ್ಲಿ ಹೀಗೆ ಆಡಿದಾಗ ಒಳಗಿನ ಮೆತ್ತೆಯಂಥ ಮೃದ್ವಸ್ಥಿಯೂ ಸೀಳುತ್ತದೆ. ಒಂದು ಗಾಯ ಎರಡಾಗುವುದು ಹೀಗೆ.

ಅವನ ಅವಸರಕ್ಕೂ ಕಾರಣವಿದೆ. ಮಹಾರಾಷ್ಟ್ರದ ಸರ್ಕಾರಿ ನೌಕರಿಗಳಲ್ಲಿ ಕ್ರೀಡಾಪಟುಗಳಿಗೆ ಶೇ 5ರ ಮೀಸಲಾತಿ ಇದೆ. ಪೊಲೀಸ್ ಭರ್ತಿಯ ಕನಸು ಹೊತ್ತವನಿಗೆ ಒಂದು ಪ್ರಮಾಣಪತ್ರ ಎಂದರೆ ಒಂದು ಮನೆ ನಿಂತಂತೆ. ವಯಸ್ಸಿನ ಮಿತಿ ಅವನ ಮೊಣಕಾಲಿಗಾಗಿ ಕಾಯುವುದಿಲ್ಲ. ಅಂಥವನಿಗೆ ‘ಒಂಬತ್ತು ತಿಂಗಳು ಕೂತುಕೋ’ ಎನ್ನುವುದು ಹೇಳುವವರಿಗೆ ಸುಲಭ. ಅದಕ್ಕೇ ಕಾಯುವ ಗಟ್ಟಿತನವನ್ನು ಹುಡುಗನೊಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಾಗದು. ಕಪ್ಪಿಗೆ, ಬ್ಯಾನರಿಗೆ, ಧ್ವನಿವರ್ಧಕಕ್ಕೆ ಪಟ್ಟಿ ಎತ್ತುವ ಊರು ಒಂದು ಎಂಆರ್‌ಐಗೂ ಪಟ್ಟಿ ಎತ್ತಬೇಕು. ಗಾಯಾಳುವನ್ನು ಆಡಿಸಬಾರದೆಂದು ಕ್ರೀಡಾ ಮಂಡಳದ ಹಿರಿಯರು ಪಂದ್ಯ ಸೋಲಲೂ ತಯಾರಿರಬೇಕು.

ಸಿದ್ಧಾರ್ಥರ ಬೆಲೆಯೂ ಇಳಿಯಿತು. 2024ರ ಹರಾಜಿನಲ್ಲಿ ದಬಾಂಗ್ ಡೆಲ್ಲಿ ಅವರನ್ನು ಕೊಂಡಾಗ ಕೋಟಿಯ ಲೆಕ್ಕ ಲಕ್ಷಕ್ಕೆ ಬಂದಿತ್ತು. ಮರಳುವುದೆಂದರೆ 218ಕ್ಕೇ ಮರಳುವುದು ಎಂದುಕೊಂಡವರಿಗೆ ಇದು ಸೋಲು. 33ರ ಹೊಸ್ತಿಲಲ್ಲಿ, ಇಷ್ಟು ಜನರನ್ನು ಹೊತ್ತ ಮೈಯನ್ನು ಮತ್ತೆ ಮ್ಯಾಟಿನ ಮೇಲೆ ತಂದು ನಿಲ್ಲಿಸಿದವನಿಗೆ ಅದು ಏನೆಂದು ಬೆಲೆಪಟ್ಟಿ ಹೇಳಲಾರದು.

ಈ ಸೀಮೆಯ ರಾತ್ರಿ ಪಂದ್ಯಗಳಿಗೆ ಹೋದರೆ ಒಮ್ಮೆ ಅಂಕಫಲಕದ ಕಡೆ ನೋಡಿ. ಅದರ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಒಂದು ಕಾಲು ನೀಡಿಕೊಂಡು ಕುಳಿತವನೊಬ್ಬ ಸಾಮಾನ್ಯವಾಗಿ ಇದ್ದೇ ಇರುತ್ತಾನೆ. ಅಂಕದ ಹಲಗೆ ತಿರುಗಿಸುವುದು ಅವನ ಕೆಲಸ. ತನ್ನ ತಂಡದವನು ದಾಳಿಗೆ ಹೋದಾಗ ಇವನ ನೀಡಿದ ಕಾಲು ತನಗರಿವಿಲ್ಲದೆ ಮಿಡುಕುತ್ತದೆ. ಎದುರಾಳಿಯ ಎಡಮೂಲೆಯವನು ಕಣಕಾಲಿಗೆ ಬೀಳುವ ಮೊದಲು ಭುಜ ತಗ್ಗಿಸುತ್ತಾನೆ ಎಂಬುದನ್ನು ಅಂಕಣದ ಒಳಗಿದ್ದಾಗ ಇವನು ಕಂಡಿರಲಿಲ್ಲ. ಈಗ ಮೂರು ತಿಂಗಳಿಂದ ಅದನ್ನೇ ನೋಡುತ್ತಿದ್ದಾನೆ. ದಾಳಿ ಮುಗಿಸಿ ಬಂದವನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳುತ್ತಾನೆ. ಮುಂದಿನ ದಾಳಿಯಲ್ಲಿ ಆ ಎಡಮೂಲೆಯವನು ಔಟ್. ಇವನು ಏನೂ ಆಗದವನಂತೆ ಒಂದು ಹಲಗೆ ತಿರುಗಿಸುತ್ತಾನೆ.